ಐದು ಹಣತೆಗಳು

ನನಗೆ ಚಿತ್ರ ಬರೆಯಲು ಬಾರದು. ಕುಣಿಗಲ್ ತಾಲ್ಲೂಕಿನ ನಮ್ಮ ಹಳ್ಳಿಯ ಶಾಲೆಯಲ್ಲಿ ಒಮ್ಮೆ ನಾನು ಬರೆದ ಹಸುವನ್ನು ಮೇಷ್ಟರು ಬಹಳ ಹೊತ್ತು ನೋಡಿ, “ಇದು ಹಸುವೋ, ಮಂಚವೋ?” ಎಂದು ಕೇಳಿದ್ದು ಇಂದಿಗೂ ಜ್ಞಾಪಕದಲ್ಲಿದೆ. ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಕನ್ನಡವನ್ನೇ ಕಲಿಸುವ ವೃತ್ತಿ ಹಿಡಿದು, ದೆಹಲಿಗೆ ಬಂದು, ಜನಕಪುರಿಯ ಒಂದು ಮನೆಯ ಮಹಡಿಯ ಮೇಲಿನ ಬರಸಾತಿಯಲ್ಲಿ ಒಬ್ಬನೇ ನೆಲೆಸಿರುವ ನಾನು, ಮುಂದೊಂದು ದಿನ ಚಿತ್ರಗಳನ್ನು ಕುರಿತು ಲೇಖನ ಬರೆಯುವೆನೆಂದು ಎಣಿಸಿರಲಿಲ್ಲ. ಆದರೆ “ಸಂಚಿಕೆಗೆ ಏನಾದರೂ ಕೊಡಿ ಸರ್” ಎಂದು ವಿದ್ಯಾರ್ಥಿಗಳು ಬಂದು ನಿಂತಾಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಐದು ಹಣತೆಗಳ ಚಿತ್ರ. ಅದನ್ನೇ ಹೇಳಿಬಿಡುತ್ತೇನೆ.

ನಮ್ಮ ಅವ್ವನಿಗೆ ಓದು ಬರಹ ಬಾರದು. 2016ರಲ್ಲಿ ಕೊಂಡಿದ್ದ ಫೋನೊಂದನ್ನು ನಾನು ನಾಲ್ಕಾರು ವರ್ಷ ಉಪಯೋಗಿಸಿ, ಊರಿಗೆ ಹೋದಾಗ ಅವಳ ಕೈಗೆ ಕೊಟ್ಟು ಬಂದೆನು. ಅದಕ್ಕೆ ಇಂಟರ್ನೆಟ್ಟು ಹಾಕಿಸಿರಲಿಲ್ಲ. ಮಾತನಾಡುವುದಕ್ಕೂ ಸಾಮಾನ್ಯ ಸಂದೇಶ ಕಳುಹಿಸುವುದಕ್ಕೂ ಅದು ಸಾಕಾಗಿತ್ತು. ನನ್ನ ತಮ್ಮನ ಮಗಳು ಅಜ್ಜಿಯ ಪಕ್ಕದಲ್ಲಿ ಕುಳಿತು, ಅದರೊಳಗಿನ ಎಮೋಜಿಗಳನ್ನು ಒಂದೊಂದಾಗಿ ತೋರಿಸಿಕೊಟ್ಟಳು. ಅಂದಿನಿಂದ ತಾಯಿಗೂ ಮಗನಿಗೂ ಒಂದು ಹೊಸ ಬಗೆಯ ಪತ್ರವ್ಯವಹಾರ ಮೊದಲಾಯಿತು. ಸಂಜೆ ದೀಪ ಹಚ್ಚಿದ ಮೇಲೆ ಅವ್ವ ಒಂದು ಚಿತ್ರ ಕಳುಹಿಸುವಳು. ಹಸುವಿನ ಚಿತ್ರ ಬಂದರೆ ಹಸು ಚೆನ್ನಾಗಿ ಹಾಲು ಕೊಟ್ಟಿತೆಂದು ಅರ್ಥ. ಕೊಡೆ ಬಂದರೆ ಮಳೆಯಾಯಿತೆಂದು ಅರ್ಥ. ಮುಗಿದ ಕೈ ಬಂದರೆ ದೇವಸ್ಥಾನಕ್ಕೆ ಹೋಗಿ ಬಂದಳೆಂದು ಅರ್ಥ. ನಾನು ಪ್ರತಿಯಾಗಿ ಒಂದು ಹೂವನ್ನೋ ನಗುಮುಖವನ್ನೋ ಕಳುಹಿಸುವೆನು. ಮಗ ಹದಿನೈದು ವರ್ಷ ಪರಸ್ಥಳದಲ್ಲಿದ್ದರೂ ಅವನಿಗೆ ಒಂದು ಸಾಲು ಬರೆಯಲಾರದೆ ಇದ್ದ ತಾಯಿಗೆ, ತನ್ನ ಬೆರಳಿನಿಂದಲೇ ಸುದ್ದಿ ಕಳುಹಿಸುವ ಭಾಗ್ಯ ಅದೇ ಮೊದಲು ಒದಗಿತ್ತು.

2022ರ ದೀಪಾವಳಿಗೆ ಎರಡು ದಿನವಿದೆ ಎನ್ನುವಾಗ, ಜನಕಪುರಿಯಲ್ಲೇ ವಾಸವಾಗಿದ್ದ ಎಂಟನೆಯ ತರಗತಿಯ ಹುಡುಗನೊಬ್ಬನು ವ್ಯಾಕರಣದ ಸಂದೇಹ ಕೇಳಲು ನಮ್ಮ ಮನೆಗೆ ಬಂದನು. ಸಂಧಿ ಸಮಾಸಗಳು ಮುಗಿದ ಮೇಲೆ ಅವನ ಕಣ್ಣು ನನ್ನ ಫೋನಿನ ಮೇಲೆ ಬಿದ್ದಿತು.

“ಸರ್, ನಿಮ್ಮ ಎಮೋಜಿಗಳು ತೀರ ಸಾದಾ ಆಗಿವೆ. ಬೇರೆ ರೂಪ ಹಾಕಿಕೊಡಲೇ?” ಎಂದನು.

ವಿದ್ಯೆ ಯಾರಿಂದ ಬಂದರೂ ಸ್ವೀಕರಿಸಬೇಕಷ್ಟೆ. ಫೋನನ್ನು ಅವನ ಕೈಗೆ ಕೊಟ್ಟೆನು. ಅವನು ಸೆಟ್ಟಿಂಗ್ಸ್ ತೆರೆದು, ಪರದೆ ಮತ್ತು ಅಕ್ಷರಶೈಲಿ ಇರುವ ಕಡೆಗೆ ಹೋಗಿ, ಹೊಸದೊಂದು ಕಟ್ಟನ್ನು ಇಳಿಸಿ ಸೇರಿಸಿದನು. ಎಲ್ಲ ಕಂಪನಿಯ ಫೋನುಗಳಲ್ಲಿಯೂ ಇದು ನಡೆಯದಂತೆ. ಕೆಲವದರಲ್ಲಿ ಮಾತ್ರ ಅಕ್ಷರಶೈಲಿಯನ್ನು ಬದಲಿಸಿದರೆ ಅದರೊಡನೆ ಎಮೋಜಿಗಳ ರೂಪವೂ ಬದಲಾಗುತ್ತದಂತೆ. ಆಂಡ್ರಾಯ್ಡ್ ಫೋನಿನ ವಾಟ್ಸಾಪು ತನ್ನ ಚಿತ್ರಗಳನ್ನು ತಾನೇ ಇಟ್ಟುಕೊಂಡಿರುವುದರಿಂದ ಅದರೊಳಗೆ ಮಾತ್ರ ಹಳೆಯ ಮುಖಗಳೇ ಉಳಿದವು. ಉಳಿದ ಕಡೆ ನೋಡುತ್ತೇನೆ, ದುಂಡು ಮುಖಗಳಿಗೆ ಕೆನ್ನೆ ತುಂಬಿದೆ, ಹೂಗಳಿಗೆ ಎಸಳು ಹೆಚ್ಚಿವೆ! ಮಣ್ಣಿನ ಹಣತೆಯೊಂದಂತೂ ಈಗ ತಾನೇ ಎಣ್ಣೆ ಹುಯ್ದು ಹಚ್ಚಿದಂತೆ ಬೆಳಗುತ್ತಿತ್ತು. ಚಿತ್ರ ಬರೆಯಲು ಬಾರದ ನನಗೆ ಅಷ್ಟೊಂದು ಚಿತ್ರಗಳು ಕೈವಶವಾದುವೆಂದು ಹಿಗ್ಗಿದೆನು.

ದೀಪಾವಳಿಯ ಸಂಜೆ ಬರಸಾತಿಯ ಮುಂದಿನ ಬಯಲಿನಲ್ಲಿ ನಿಂತು ನೋಡಿದರೆ ಜನಕಪುರಿಯ ಮನೆಗಳ ಮೇಲೆಲ್ಲ ದೀಪಗಳ ಸಾಲು. ಕೆಳಗಿನ ಮನೆಯವರು ಒಂದು ತಟ್ಟೆ ಮಿಠಾಯಿ ಕೊಟ್ಟು ಹೋದರು. ಅವರ ಮನೆ ತುಂಬ ನೆಂಟರು. ನನಗೆ ಊರು ನೆನಪಾಯಿತು. ಫೋನು ತೆಗೆದು, ಆ ಹೊಸ ರೂಪದ ಹಣತೆಗಳನ್ನು ಸಾಲಾಗಿ ಐದು ಜೋಡಿಸಿ ಅವ್ವನಿಗೆ ಕಳುಹಿಸಿದೆನು. ಅವಳು ಈ ಬೆಳಕನ್ನು ನೋಡಿ ಎಷ್ಟು ಸಂತೋಷಪಡುವಳೋ ಎಂದುಕೊಂಡು ಮಲಗಿದೆನು.

ಮಾರನೆಯ ದಿನ ಅವ್ವನೇ ಫೋನು ಮಾಡಿದಳು. ಅವಳ ದನಿಯಲ್ಲಿ ಹಬ್ಬದ ಗೆಲುವಿರಲಿಲ್ಲ.

“ಅಡಿಗೆಮನೇಲಿ ಎಲ್ಲ ಐತೇನಪ್ಪ?”

“ಎಲ್ಲ ಇದೆ ಅವ್ವ.”

“ನಿಜ ಹೇಳು ಮಗ.”

“ನಿಜವಾಗಿಯೂ ಇದೆ ಅವ್ವ” ಎಂದು, ತರಗತಿಗೆ ಹೊತ್ತಾಯಿತೆಂಬ ಅವಸರದಲ್ಲಿ ಮಾತು ಮುಗಿಸಿದೆನು.

ಇದಾದ ಒಂದು ವಾರಕ್ಕೆ ನಮ್ಮ ಕಡೆಯವರೊಬ್ಬರು ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿಗೆ ಬಂದರು. ಎರಡು ರಾತ್ರಿಯ ಪ್ರಯಾಣ ಮಾಡಿ ದಣಿದಿದ್ದ ಆ ಪುಣ್ಯಾತ್ಮರು ನನಗಾಗಿ ಒಂದು ಗೋಣಿಚೀಲವನ್ನು ಹೊತ್ತು ತಂದಿದ್ದರು. ಜನಕಪುರಿ ಪಶ್ಚಿಮ ಮೆಟ್ರೋ ನಿಲ್ದಾಣದ ಬಾಗಿಲಲ್ಲಿ ಅದನ್ನು ಕೈಗೆ ಕೊಟ್ಟು, “ನಿಮ್ಮ ತಾಯಿ ಬಹಳ ಪೇಚಾಡಿಕೊಂಡರು. ಏನಾದರೂ ತೊಂದರೆಯೇ?” ಎಂದು ಮೆಲ್ಲಗೆ ಕೇಳಿದರು. ನನಗೆ ಏನೂ ಅರ್ಥವಾಗಲಿಲ್ಲ. ಮನೆಗೆ ಬಂದು ಬಿಚ್ಚಿದರೆ ಒಳಗೆ ಐದು ಗಂಟುಗಳು: ರಾಗಿಹಿಟ್ಟು, ಹುರುಳಿಕಾಳು, ಅವರೆಕಾಳು, ಬೆಲ್ಲ, ಚಟ್ನಿಪುಡಿ. ಬೆಲ್ಲದ ಗಂಟಿನ ತುದಿಯಲ್ಲಿ ಇನ್ನೊಂದು ಪುಟ್ಟ ಗಂಟು. ಅದರೊಳಗೆ ನಾಲ್ಕಾಗಿ ಮಡಿಸಿದ ಐನೂರು ರೂಪಾಯಿಯ ನೋಟು. ಹಾಲು ಮಾರಿ ಕೂಡಿಟ್ಟ ಹಣವೆಂದು ನೋಡಿದೊಡನೆ ತಿಳಿಯಿತು.

ಕೂಡಲೇ ಫೋನು ಮಾಡಿದೆನು. “ಇದೆಲ್ಲ ಯಾಕವ್ವ?” ಎಂದು ಕೇಳಿದೆನು.

“ನೀನೇ ತೋರಿಸಿದ್ದಲ್ಲಪ್ಪ! ಹಬ್ಬದ ದಿನ ಐದು ಡಬ್ಬಿ ಕಳಿಸಿದ್ದೆ, ಐದೂ ಖಾಲಿ. ಬಾಯಿಬಿಟ್ಟು ಕೇಳೋಕೆ ನಾಚ್ಕೊಂಡಿದ್ದೀಯ ಅಂದ್ಕೊಂಡೆ. ಕೇಳಿದ್ರೆ ಎಲ್ಲ ಐತೆ ಅಂದೆ. ಹಾಸ್ಟೆಲ್‌ನಾಗಿದ್ದಾಗಲೂ ನೀನು ಹಂಗೇ ಅಂತಿದ್ದೆ” ಎಂದಳು.

ಹಾಸ್ಟೆಲಿನಲ್ಲಿ ನಾನು ಹಾಗೆ ಹೇಳುತ್ತಿದ್ದುದು ನಿಜ. ಅದು ಸುಳ್ಳೆಂದು ಅವಳಿಗೆ ಆಗಲೇ ಗೊತ್ತಿತ್ತೆಂಬುದು ನನಗೆ ತಿಳಿದದ್ದು ಆ ದಿನ.

ನಡೆದುದೇನೆಂದು ಆಮೇಲೆ ವಿಚಾರ ಮಾಡಿ ತಿಳಿದುಕೊಂಡೆನು. ನಾವು ಎಮೋಜಿ ಕಳುಹಿಸುವಾಗ ಚಿತ್ರವನ್ನು ಕಳುಹಿಸುತ್ತೇವೆಂದು ಭಾವಿಸುತ್ತೇವೆ. ವಾಸ್ತವವಾಗಿ ಹೋಗುವುದು ಒಂದು ಸಂಖ್ಯೆ ಮಾತ್ರ. ನಮ್ಮ ಜನಕಪುರಿಗೆ ಅಂಚೆಯವರು 110058 ಎಂಬ ಸಂಖ್ಯೆ ಕೊಟ್ಟಿರುವಂತೆ, ಲೋಕದ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡುವ ಯೂನಿಕೋಡ್ ಎಂಬ ಏರ್ಪಾಡಿದೆ. ಅದರಲ್ಲಿ ನಗುಮುಖಕ್ಕೆ 128512. ಮುಗಿದ ಕೈಗೆ 128591. ಮಣ್ಣಿನ ಹಣತೆಯು ಸೀರೆ, ಆಟೋರಿಕ್ಷಾ, ದೇವಾಲಯಗಳ ಜೊತೆಗೆ 2019ರಲ್ಲಿ ಸೇರಿತು; ಅದರ ಸಂಖ್ಯೆ 129684. ನಾನು ಕಳುಹಿಸಿದ್ದು ಬೆಳಕನ್ನಲ್ಲ, 129684 ಎಂಬುದನ್ನು ಐದು ಸಲ. ಆ ಸಂಖ್ಯೆಗೆ ಚಿತ್ರ ಬರೆಯಬೇಕಾದುದು ಪಡೆದವರ ಫೋನು. 2016ರ ಫೋನಿಗೆ 2019ರ ಹಣತೆ ಹೇಗೆ ಗೊತ್ತಿರಬೇಕು? ತನಗೆ ಬಾರದ ಸಂಖ್ಯೆ ಬಂದಾಗ ಅದು ಒಂದು ಖಾಲಿ ಚೌಕವನ್ನು ಬರೆದು ಸುಮ್ಮನಾಗುತ್ತದೆ. ಐದು ಸಂಖ್ಯೆಗೆ ಐದು ಚೌಕ.

ಇಂಥ ಚೌಕಕ್ಕೆ ಅಕ್ಷರ ವಿನ್ಯಾಸ ಬಲ್ಲವರು ‘ಟೋಫು’ ಎಂದು ಹೆಸರಿಟ್ಟಿದ್ದಾರೆ. ಟೋಫು ಎಂದರೆ ಸೋಯಾ ಹಾಲಿನಿಂದ ಮಾಡಿದ ಗಟ್ಟಿ. ದೆಹಲಿಯ ನಮಗೆ ಪನೀರಿನ ತುಂಡೆಂದರೆ ಬೇಗ ತಿಳಿಯುತ್ತದೆ. ಈ ಚೌಕಗಳು ಎಲ್ಲಿಯೂ ಕಾಣದಂತೆ ಮಾಡಬೇಕೆಂದು ಗೂಗಲ್ ಕಂಪನಿ ರೂಪಿಸಿದ ಅಕ್ಷರಮಾಲೆಗೆ ‘ಟೋಫು ಬೇಡ’ ಎಂಬ ಅರ್ಥದಲ್ಲಿಯೇ ‘ನೋಟೋ’ ಎಂದು ಹೆಸರಾಯಿತು. ಚೌಕವನ್ನು ಕಂಡು ಅವರಿಗೆ ಸೋಯಾ ಗಟ್ಟಿ ನೆನಪಾಯಿತು; ನಮ್ಮ ಅವ್ವನಿಗೆ ಅಡಿಗೆಮನೆಯ ಡಬ್ಬಿ ನೆನಪಾಯಿತು. ಅವರವರಿಗೆ ಅವರವರ ಮನೆಯ ವಸ್ತು.

ಮೊದಮೊದಲು ಈ ಚಿತ್ರಗಳು ಬಹಳ ಸರಳವಾಗಿದ್ದುವು. ಎಮೋಜಿ ಎಂಬುದು ಜಪಾನೀ ಮಾತು: ‘ಎ’ ಎಂದರೆ ಚಿತ್ರ, ‘ಮೋಜಿ’ ಎಂದರೆ ಅಕ್ಷರ. 1999ರಲ್ಲಿ ಅಲ್ಲಿನ ಡೊಕೊಮೊ ಕಂಪನಿಯ ಶಿಗೆಟಾಕ ಕುರಿಟ ಎಂಬವರು ಇಂಥ 176 ಚಿತ್ರಗಳನ್ನು ರಚಿಸಿದರು. ಉದ್ದಕ್ಕೆ 12, ಅಡ್ಡಕ್ಕೆ 12 ಚುಕ್ಕಿ. ನಮ್ಮ ಹೆಂಗಸರು ಚುಕ್ಕಿಯಿಟ್ಟು ರಂಗೋಲಿ ಬಿಡಿಸುವಂತೆ ಅಷ್ಟರೊಳಗೇ ಸೂರ್ಯನೂ ಛತ್ರಿಯೂ ಮೂಡಬೇಕು. 2010ರಲ್ಲಿ ನೂರಾರು ಎಮೋಜಿಗಳು ಯೂನಿಕೋಡಿಗೆ ಸೇರಿದುವು. ಆದರೆ ಗೊತ್ತಾದುದು ಸಂಖ್ಯೆಯೂ ಹೆಸರೂ ಮಾತ್ರ. ರೂಪವನ್ನು ಒಂದೊಂದು ಕಂಪನಿಯೂ ತನಗೆ ತೋರಿದಂತೆ ಬರೆದುಕೊಂಡಿತು. 2016ರಲ್ಲಿ ಆಪಲ್ ಕಂಪನಿಯು ಪಿಸ್ತೂಲಿನ ಚಿತ್ರವನ್ನು ತೆಗೆದು ಅದೇ ಸಂಖ್ಯೆಗೆ ಹಸಿರು ಬಣ್ಣದ ನೀರಿನ ಆಟಿಕೆಯನ್ನು ಬರೆಯಿತು. ಇತರ ದೊಡ್ಡ ಕಂಪನಿಗಳಲ್ಲಿ ಹಲವು ಅದನ್ನು ಅನುಸರಿಸಿದ್ದು 2018ರಲ್ಲಿ. ನಡುವಿನ ಕಾಲದಲ್ಲಿ ಒಬ್ಬ ಹುಡುಗ ಹೋಳಿಯ ಪಿಚಕಾರಿಯೆಂದು ಕಳುಹಿಸಿದ್ದು ಇನ್ನೊಬ್ಬನಿಗೆ ಬಂದೂಕಾಗಿ ಕಾಣಬಹುದಾಗಿತ್ತು! ರೂಪ ಒಂದೇ ಇದ್ದರೂ ಅರ್ಥ ಬೇರೆಯಾಗುವುದುಂಟು. ಮೂಗಿನ ಬಳಿ ಹನಿಯಿರುವ ಮುಖವೊಂದನ್ನು ಕಂಡು ನಾವು ಅಳುತ್ತಿದೆ ಎನ್ನುತ್ತೇವೆ. ಅದು ನಿದ್ದೆಯ ಮುಖ. ನಿದ್ರಿಸುವವನ ಮೂಗಿನಲ್ಲಿ ಗುಳ್ಳೆ ಬರೆಯುವುದು ಜಪಾನಿನ ವ್ಯಂಗ್ಯಚಿತ್ರಗಳ ರೂಢಿ.

ಕನ್ನಡಿಗರಾದ ನಮಗೆ ಈ ಪಾಡು ಹೊಸದಲ್ಲ. ನಾನು ದೆಹಲಿಗೆ ಬಂದ ಹೊಸದರಲ್ಲಿ ಊರಿನ ಗೆಳೆಯನೊಬ್ಬನು ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿ ಕನ್ನಡದ ಕಾಗದವೊಂದನ್ನು ಕಳುಹಿಸಿದ್ದನು. ಇಲ್ಲಿನ ಅಂಗಡಿಯಲ್ಲಿ ತೆರೆದರೆ ಕನ್ನಡವಿಲ್ಲ. ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಆಗಿನ ಎಷ್ಟೋ ಕನ್ನಡ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಯ ಮೇಲೆಯೇ ಕನ್ನಡದ ರೂಪವನ್ನು ಕೂರಿಸಿದ್ದುವು. ಆ ಶೈಲಿ ಇಲ್ಲದ ಯಂತ್ರದಲ್ಲಿ ಕನ್ನಡದ ವೇಷ ಕಳಚಿ ಬೀಳುತ್ತಿತ್ತು. 1991ರ ಮೊದಲ ಯೂನಿಕೋಡಿನಲ್ಲೇ ಕನ್ನಡಕ್ಕೆ ಸ್ವಂತ ಸಂಖ್ಯೆಗಳು ದೊರೆತಿದ್ದರೂ ಅವು ಬಳಕೆಗೆ ಬರಲು ಬಹುಕಾಲ ಹಿಡಿಯಿತು. ಈಗ ‘ಅವ್ವ’ ಎಂದು ಬರೆದರೆ 3205, 3253, 3277, 3253 ಎಂಬ ನಾಲ್ಕು ಸಂಖ್ಯೆಗಳು ಹೋಗುತ್ತವೆ. ಪಡೆದ ಯಂತ್ರವು ಅದನ್ನು ದಪ್ಪಗೋ ತೆಳ್ಳಗೋ ಬರೆಯಲಿ, ಅವ್ವ ಅವ್ವನಾಗಿಯೇ ಇರುತ್ತಾಳೆ. ನಿಮ್ಮ ಕಾಪಿ ಪುಸ್ತಕಗಳಲ್ಲಿ ಒಬ್ಬನ ‘ಕ’ ಬಾಗಿರುತ್ತದೆ, ಇನ್ನೊಬ್ಬಳ ‘ಕ’ ಉಬ್ಬಿರುತ್ತದೆ. ನಾನು ಎಲ್ಲವನ್ನೂ ‘ಕ’ ಎಂದೇ ಓದುವುದಿಲ್ಲವೇ? ಹಾಗೆ.

ಆದಕಾರಣ ಫೋನಿನಲ್ಲಿ ಎಮೋಜಿಯ ರೂಪ ಬದಲಿಸುವುದು ತಪ್ಪೆಂದು ನಾನು ಹೇಳುವುದಿಲ್ಲ. ಅದು ನಮ್ಮ ಕೋಣೆಯ ಗೋಡೆಗೆ ನಾವು ಸುಣ್ಣ ಬಳಿದುಕೊಂಡಂತೆ. ನಾನು ಮರೆತದ್ದು ಇಷ್ಟೇ: ನನ್ನ ಗೋಡೆಗೆ ಬಳಿದ ಬಣ್ಣ ಅವ್ವನ ಮನೆಯ ಗೋಡೆಗೆ ಹತ್ತುವುದಿಲ್ಲ. ನನ್ನ ಕಣ್ಣಿಗೆ ಕಂಡುದೇ ಅವಳ ಕಣ್ಣಿಗೂ ಕಾಣುವುದೆಂದು ತಿಳಿದು ಹಿಗ್ಗಿದೆನು. “ನಿನಗೇನು ಕಾಣಿಸಿತವ್ವ?” ಎಂದು ಒಂದು ಮಾತು ಕೇಳಿದ್ದರೆ ಅವಳು ಒಂದು ವಾರ ಸಂಕಟಪಡುತ್ತಿರಲಿಲ್ಲ.

“ಅವು ಡಬ್ಬಿಯಲ್ಲ ಅವ್ವ, ದೀಪ” ಎಂದು ಅಂದೇ ಹೇಳಿದೆನು. ಅವಳು ಸ್ವಲ್ಪ ಹೊತ್ತು ನಕ್ಕು, ಅನಂತರ ಸುಮ್ಮನಾಗಿ, “ಹಂಗಾರೆ ನಾನು ಕಳಿಸಿದ್ದು ದಂಡವಾಯ್ತಾ?” ಎಂದಳು. ಆಗ ನಿಜವನ್ನು ಹೇಳದೆ ಇರಲಾಗಲಿಲ್ಲ. ಹುರುಳಿಯಿತ್ತು, ಬೆಲ್ಲವಿತ್ತು, ಆದರೆ ರಾಗಿಹಿಟ್ಟಿನ ಡಬ್ಬಿ ಎರಡು ತಿಂಗಳಿಂದ ಖಾಲಿಯಾಗಿಯೇ ಇತ್ತು. ಒಬ್ಬನಿಗಾಗಿ ಏಕೆ ಮುದ್ದೆ ಕಟ್ಟುವುದೆಂದು ತರುವುದನ್ನೇ ಬಿಟ್ಟಿದ್ದೆನು. “ಇಲ್ಲ ಅವ್ವ, ಒಂದು ಡಬ್ಬಿ ಖಾಲಿಯಿತ್ತು” ಎಂದೆನು. “ಮತ್ತೆ!” ಎಂದಳು. ಆ ರಾತ್ರಿ ಮುದ್ದೆ ಮಾಡಿ ಉಂಡೆನು.

ಈಗಲೂ ನಮ್ಮ ಚಿತ್ರಗಳ ಪತ್ರವ್ಯವಹಾರ ನಡೆದಿದೆ. ಅವಳ ಹಳೆಯ ಫೋನು ಬಲ್ಲ ಚಿತ್ರಗಳು ಯಾವುವೆಂದು, ಊರಿಗೆ ಹೋದಾಗ ಅದನ್ನೇ ಕೈಯಲ್ಲಿ ಹಿಡಿದು ನೋಡಿಕೊಂಡು ಬಂದಿದ್ದೇನೆ. ಸೂರ್ಯಕಾಂತಿ ಹೂವು ಅಲ್ಲಿ ಚೆನ್ನಾಗಿ ಕಾಣುತ್ತದೆ; ಅದನ್ನೇ ಕಳುಹಿಸುತ್ತೇನೆ. ಐನೂರರ ಆ ನೋಟು ಬಟ್ಟೆಯ ಗಂಟಿನಲ್ಲಿಯೇ ನನ್ನ ಪೆಟ್ಟಿಗೆಯಲ್ಲಿದೆ.

ವಿದ್ಯಾರ್ಥಿಗಳೇ, ನೀವು ಬೇಸಗೆಯ ರಜಕ್ಕೆ ಊರಿಗೆ ಹೋಗುವವರು. ಅಲ್ಲಿ ಅಜ್ಜಿಯ ಫೋನನ್ನು ಒಮ್ಮೆ ಕೇಳಿ ತೆಗೆದುಕೊಂಡು, ವರ್ಷವೆಲ್ಲ ನೀವು ಕಳುಹಿಸಿದ್ದು ಅದರಲ್ಲಿ ಹೇಗೆ ಕಾಣುತ್ತಿದೆಯೆಂದು ನೋಡಿರಿ. ಖಾಲಿ ಚೌಕಗಳು ಕಂಡರೆ, ಅವನ್ನು ಅವರು ಏನೆಂದು ತಿಳಿದುಕೊಂಡಿದ್ದರೆಂಬುದನ್ನೂ ಕೇಳಿರಿ.