ನಳ ಬರುವ ಮುಂಚಿನ ಅರ್ಧ ಗಂಟೆ

ಮುಂಬಯಿಯಲ್ಲಿ ದುಡ್ಡು ಕೊಟ್ಟರೆ ಏನು ಬೇಕಾದರೂ ಸಿಕ್ಕೀತು, ಏಕಾಂತವೊಂದು ಸಿಗದು ಎಂದು ನಮ್ಮ ಕಡೆಯಿಂದ ಬಂದವರೆಲ್ಲ ಹೇಳುವುದುಂಟು. ಪರೇಲಿನ ಚಾಳಿನ ಒಂದೇ ಖೋಲಿಯಲ್ಲಿ ಅತ್ತೆ ಮತ್ತು ಎರಡು ಮಕ್ಕಳೊಂದಿಗೆ ಸಂಸಾರ ಮಾಡಿದ ನಾವು, ಗಂಡ-ಹೆಂಡತಿ, ಆ ಮಾತನ್ನು ಬಹಳ ಕಾಲ ನಂಬಿದ್ದೆವು.

ನಾವು ಗದಗ-ಬೆಟಗೇರಿಯವರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ ಮುಂದೆ ನಮ್ಮ ನೇಕಾರರ ಊರಿಗೂ ಬಂದಿತು. ನಮ್ಮ ಹಿರಿಯರು ಆ ಸಭೆಗೆ ಸೇರಿದವರು. ಊರಿನಲ್ಲಿ ಪ್ರಾರ್ಥನೆಯೆಂದರೆ ಗಂಟೆಯ ನಾದ, ಸಂಗೀತ, ಅಯ್ಯನವರ ಪ್ರಸಂಗ. ಸುಮ್ಮನೆ ಕೂಡುವುದೂ ಪ್ರಾರ್ಥನೆಯೇ ಎಂಬುದು ನಮಗೆ ತಿಳಿದಿರಲಿಲ್ಲ.

1982ರ ಜನವರಿ 18ರಂದು ಬಟ್ಟೆ ಗಿರಣಿಗಳ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ನಮ್ಮ ಮನೆಯ ಸಂಬಳವೂ ನಿಂತಿತು. ಕಿರಾಣಿ ಅಂಗಡಿಯವರು ಉದ್ರಿ ಕೊಡುವುದನ್ನು ಬಿಟ್ಟರು. ಕೈಬಳೆಗಳು ಗಿರವಿಗೆ ಹೋದವು. ರಾತ್ರಿ ಎಲ್ಲರೂ ಕೂಡಿ ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದೆವು. ಈಗ ನೆನೆದರೆ ಅದು ಪ್ರಾರ್ಥನೆಯಲ್ಲ, ದೇವರಿಗೆ ಒಪ್ಪಿಸಿದ ಫಿರ್ಯಾದು.

ಆ ಫಿರ್ಯಾದಿನಲ್ಲಿ ಪಕ್ಕದ ಖೋಲಿಯವರೂ ಇದ್ದರು. ಅವರು ವಿಜಾಪುರದ ಕಡೆಯವರು. ಹಬ್ಬಕ್ಕೆ ಹೋಳಿಗೆ, ಕ್ರಿಸ್ಮಸ್ಸಿಗೆ ಕರಿಗಡಬು ಎಂದು ಕೊಟ್ಟು ತೆಗೆದುಕೊಂಡು ಬಾಳಿದವರು. ಆ ವರ್ಷ ಮಳೆಗಾಲದಲ್ಲಿ ಆ ಮನೆಯ ಯಜಮಾನರು ಮುಷ್ಕರ ಬಿಟ್ಟು ಕೆಲಸಕ್ಕೆ ಹೋದರು. ಅಂದಿನಿಂದ ನಾವು ಅವರೊಂದಿಗೆ ಮಾತು ಬಿಟ್ಟೆವು.

ಕೆಲಸ ಹುಡುಕಿ ಕೋಟೆಯ ಭಾಗದಲ್ಲಿ ಅಲೆದ ಒಂದು ಮಧ್ಯಾಹ್ನ ದಣಿದು ಸಂತ ಥಾಮಸರ ಕಥೀಡ್ರಲಿನಲ್ಲಿ ಕುಳಿತೆವು. 1718ರ ಕ್ರಿಸ್ಮಸ್ಸಿನಂದು ತೆರೆದ ಈ ದೇವಾಲಯದಿಂದಲೇ ಚರ್ಚ್‌ಗೇಟಿಗೆ ಆ ಹೆಸರು ಬಂದದ್ದು. ಹೊರಗೆ ಬಸ್ಸು, ಜನ, ಗದ್ದಲ. ಒಳಗೆ ಕಲ್ಲಿನ ತಂಪು. ಬೇಡಿಕೊಳ್ಳಲು ಮಾತೇ ಉಳಿದಿರಲಿಲ್ಲ. ಸುಮ್ಮನೆ ಕುಳಿತು ಎದ್ದುಬಂದೆವು. ಎದೆಯ ಭಾರ ತುಸು ಇಳಿದಂತೆ ಇತ್ತು.

ಮನೆಗೆ ಬಂದು ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯ ತೆರೆದೆವು. ಊರಿಗೆ ಊರೇ ಬಾಗಿಲಿಗೆ ಬಂದಿದ್ದ ಮರುದಿನ ಯೇಸುಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು, ಜನರಿಲ್ಲದ ಕಡೆ ಹೋಗಿ ಪ್ರಾರ್ಥಿಸಿದರೆಂದು ಅಲ್ಲಿದೆ. ನಮಗೆ ಹೋಗಲು ಅಡವಿಯಿಲ್ಲ, ಬೆಟ್ಟವಿಲ್ಲ. ಆದರೆ ಕತ್ತಲಿತ್ತು. ಚಾಳಿನ ನಳ ಐದಕ್ಕೆ ಬರುತ್ತಿತ್ತು. ನಾಲ್ಕೂವರೆಗೆ ಎದ್ದರೆ ಕೊಡಗಳ ಸಪ್ಪಳಕ್ಕೆ ಮುಂಚೆ ಅರ್ಧ ಗಂಟೆ ನಮ್ಮದು. ಮಕ್ಕಳ ಕಾಲ ಬಳಿ ಗೋಡೆಗೆ ಒರಗಿ ಇಬ್ಬರೂ ಮಾತಿಲ್ಲದೆ ಕೂಡತೊಡಗಿದೆವು.

ಮೊದಮೊದಲು ಸಾಲದ ಲೆಕ್ಕವೇ ತಲೆಯಲ್ಲಿ ಸುತ್ತುತ್ತಿತ್ತು. ಎಷ್ಟೋ ದಿನ ತೂಕಡಿಸಿದೆವು. ಹೋರೇಬ್ ಬೆಟ್ಟದಲ್ಲಿ ಎಲೀಯನಿಗೆ ದೇವರು ಬಿರುಗಾಳಿಯಲ್ಲಿ, ಭೂಕಂಪದಲ್ಲಿ, ಬೆಂಕಿಯಲ್ಲಿ ಕಾಣಲಿಲ್ಲ. ಕೊನೆಗೆ ಒಂದು ಮೆಲುದನಿ ಕೇಳಿಸಿತು. ಅಂಥ ದನಿಗಾಗಿ ನಾವೂ ಕಾದೆವು. ಒಂದು ದಿನ ಕೇಳಿಸಿದ್ದು ಗೋಡೆಯಾಚೆ ಮಗುವಿನ ಕೆಮ್ಮು. ಎಷ್ಟು ದಿನಗಳಿಂದ ಕೆಮ್ಮುತ್ತಿತ್ತೋ, ನಮ್ಮ ಗದ್ದಲದಲ್ಲಿ ನಮಗೆ ಕೇಳಿಸಿರಲೇ ಇಲ್ಲ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸ್ಟೋವು ಹಚ್ಚಿ ಶುಂಠಿ ಕಷಾಯ ಮಾಡಿ ಅವರ ಬಾಗಿಲು ತಟ್ಟಿದೆವು. ಆ ತಾಯಿ ಬಾಗಿಲು ತೆರೆದು ಕ್ಷಣಹೊತ್ತು ನಿಂತರು. ಆಮೇಲೆ, "ಬರ್ರಿ ಅಕ್ಕಾರ, ಒಳಗ ಬರ್ರಿ," ಎಂದರು. ಅಷ್ಟೇ.

ಗಿರಣಿಯ ಕೆಲಸ ಮರಳಿ ಸಿಗಲಿಲ್ಲ. ಆ ಮುಷ್ಕರವನ್ನು ವಿಧಿವತ್ತಾಗಿ ಯಾರೂ ಹಿಂತೆಗೆದುಕೊಳ್ಳಲೂ ಇಲ್ಲ. ಒಂದು ಮುದ್ರಣಾಲಯದಲ್ಲಿ ಕಾವಲು ಕೆಲಸ, ಮನೆಯಲ್ಲಿ ಹೊಲಿಗೆ ಎಂದು ದಿನ ದೂಡಿದೆವು, ಬಳೆಗಳಂತೂ ಮರಳಲಿಲ್ಲ. ಆದರೆ ಇಂದಿನ ದಿನ ನಡೆದೀತು ಎಂಬ ಧೈರ್ಯ ಮಾತ್ರ ಬೆಳಗಿನ ಆ ಅರ್ಧ ಗಂಟೆಯಿಂದ ಬರುತ್ತಿತ್ತು. ಭರವಸೆಯೆಂದರೆ ನಮಗೆ ಅಷ್ಟೇ.

ಈಗ ಡೊಂಬಿವಲಿಯಲ್ಲಿದ್ದೇವೆ. ಬಾಗಿಲು ಹಾಕಿಕೊಳ್ಳಲು ಪ್ರತ್ಯೇಕ ಕೋಣೆಯಿದೆ, ನೀರಿಗೆ ಟಾಕಿಯಿದೆ. ಮಕ್ಕಳು, "ಈ ವಯಸ್ಸಿನಲ್ಲಿ ಇಷ್ಟು ಬೇಗ ಏಕೆ ಏಳುತ್ತೀರಿ?" ಎನ್ನುತ್ತಾರೆ. ನಳಕ್ಕಾಗಿ ಎಂದು ನಗುತ್ತೇವೆ. ಎದ್ದು ಕುಳಿತು, ಗೋಡೆಯಾಚೆ ಯಾರಾದರೂ ಕೆಮ್ಮುತ್ತಿದ್ದಾರೆಯೇ ಎಂದು ಕಿವಿಗೊಡುತ್ತೇವೆ.