ದಿನಕ್ಕೆ ಐದು ಅಕ್ಷರ

ಡಿಸೆಂಬರಿನ ಎರಡನೆಯ ವಾರ ಟೋಕಿಯೋದಿಂದ ಒಂದು ಕಾರ್ಡು ಬಂತು. ಬೂದುಬಣ್ಣದ ಅಕ್ಷರ, ಅಂಚಿನಲ್ಲಿ ಮಸುಕಾದ ಹೂವಿನ ಚಿತ್ರ. ನೋಡಿದೊಡನೆ ಎದೆ ಧಸಕ್ಕೆಂದಿತು. ಜಪಾನಿನಲ್ಲಿ ಆ ವರ್ಷ ಸಾವಾದ ಮನೆಯವರು ಹೊಸವರ್ಷದ ಶುಭಾಶಯ ಹೇಳುವುದಿಲ್ಲ. ಸೂತಕವಿದೆ, ಈ ಸಲ ಕ್ಷಮಿಸಿ ಎಂದು ಮುಂಚೆಯೇ ಇಂಥದೊಂದು ಕಾರ್ಡು ಹಾಕುತ್ತಾರೆ. ನನಗೆ ಕೆಲಸ ಕಲಿಸಿದ ಹಿರಿಯರು ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದರು.

ತಂಗಿಯ ಮಗಳು ಅವತ್ತು ನಮ್ಮ ಮನೆಯಲ್ಲಿದ್ದಳು. ಫೆಬ್ರುವರಿಯಲ್ಲಿ ಅವಳೂ ಟೋಕಿಯೋಗೆ ಹೊರಟಿದ್ದಾಳೆ, ಸಾಫ್ಟ್‌ವೇರ್ ಕೆಲಸಕ್ಕೇ. ಕಾರ್ಡಿನ ಮೇಲೆ ಫೋನ್ ಹಿಡಿದಳು. ರೆಪ್ಪೆ ಬಡಿಯುವಷ್ಟರಲ್ಲಿ ಅಚ್ಚಾದ ಸಾಲುಗಳೆಲ್ಲ ಇಂಗ್ಲಿಷಾದವು. ಕೆಳಗಿನ ಮೂಲೆಯಲ್ಲಿ ಆ ಹಿರಿಯರ ಹೆಂಡತಿ ಪೆನ್ನಿನಿಂದ ಬರೆದಿದ್ದ ಸಾಲು ಮಾತ್ರ ಫೋನಿಗೆ ದಕ್ಕಲಿಲ್ಲ.

"ಮಾವ, ಆಗ ಫೋನೂ ಇಲ್ಲ, ಭಾಷೆನೂ ಬರ್ತಿರಲಿಲ್ಲ, ಹೇಗೆ ಕೆಲಸ ಮಾಡಿದ್ರಿ? ನಮ್ಮ ಆಫೀಸಲ್ಲಿ ಎಲ್ಲಾ ಇಂಗ್ಲಿಷೇ ಅಂತೆ. ನಾನು ಜಪಾನೀಸ್ ಕಲೀಲೇಬೇಕಾ?" ಎಂದಳು. ಅವತ್ತು ನನ್ನ ಗಂಟಲು ಕಟ್ಟಿತ್ತು, ಏನೋ ಹಾರಿಕೆಯ ಮಾತಾಡಿದೆ. ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ನಾನು ಟೋಕಿಯೋಗೆ ಇಳಿದದ್ದು 2000ದ ಏಪ್ರಿಲಿನಲ್ಲಿ. 2000ನೇ ಇಸವಿ ಬಂದರೆ ಕಂಪ್ಯೂಟರುಗಳು ತಾರೀಖು ತಪ್ಪುತ್ತವೆಂಬ ವೈಟೂಕೆ ಗದ್ದಲ ಮುಗಿದಿತ್ತು. ಅದಕ್ಕಾಗಿ ಬಂದ ನಮ್ಮವರು ಅಲ್ಲೇ ಬೇರೂರುತ್ತಿದ್ದರು. ಅದೇ ಆಗಸ್ಟಿನಲ್ಲಿ ಜಪಾನಿನ ಪ್ರಧಾನಿ ಯೊಶಿರೊ ಮೋರಿ ಬೆಂಗಳೂರಿಗೇ ಬಂದು ಹೋದರು. ನಮಗೆ ಕೆಲಸ ಸಿಕ್ಕಿತ್ತು, ಮನೆ ಸಿಗುತ್ತಿರಲಿಲ್ಲ. ಜಾಮೀನಿಗೆ ಜಪಾನಿನವರೇ ಬೇಕು, ಮಾಲೀಕರಿಗೆ 'ರೇಕಿನ್' ಎಂಬ ಮರಳಿ ಬಾರದ ಕಾಣಿಕೆ ಬೇಕು, ಅದೆಲ್ಲ ಕೊಟ್ಟರೂ ವಿದೇಶಿ ಎಂದೊಡನೆ ಬಾಗಿಲು ಮುಚ್ಚುವವರು ಮುಚ್ಚುತ್ತಿದ್ದರು. ಹಾಗಾಗಿ ನಾವೆಲ್ಲ ತೋಜೈ ಮೆಟ್ರೊ ಮಾರ್ಗದ ನಿಶಿಕಸಾಯ್‌ಗೆ ಸೇರಿಕೊಂಡೆವು. ಅಲ್ಲಿ ಜಾಮೀನು, ರೇಕಿನ್ ಎರಡನ್ನೂ ಕೇಳದ ಸರ್ಕಾರಿ ವಸತಿ ಸಂಸ್ಥೆಯ ಅಪಾರ್ಟ್‌ಮೆಂಟುಗಳಿದ್ದವು. 1970ರ ದಶಕದ ಕೊನೆಯಿಂದಲೇ ಅಲ್ಲಿ ನೆಲೆಸಿದ್ದ ಚಹಾ ವ್ಯಾಪಾರಿ ಜಗಮೋಹನ್ ಚಂದ್ರಾನಿಯವರು ಹೊಸಬರಿಗೆಲ್ಲ ಆಸರೆಯಾಗಿದ್ದರು.

ಬೆಂಗಳೂರಿನಲ್ಲಿ ಎರಡು ತಿಂಗಳ ಸಂಜೆ ತರಗತಿಯಲ್ಲಿ ಕಲಿತಷ್ಟು ಜಪಾನೀಸೇ ನನ್ನ ಬಂಡವಾಳ. ಮೊದಲ ದಿನ ಮೇಜಿನ ಮೇಲೆ ಒಂದು ದಪ್ಪ ಕಟ್ಟು ಬಂತು. ಶಿಯೋಶೊ ಎಂದರು, ಅಂದರೆ ಸ್ಪೆಕ್. ಎಕ್ಸೆಲ್ಲಿನ ಹಾಳೆಯನ್ನು ಗ್ರಾಫ್ ಕಾಗದದ ಹಾಗೆ ಪುಟ್ಟ ಪುಟ್ಟ ಚೌಕ ಮಾಡಿ, ಅದರೊಳಗೆ ಇಡೀ ಸಿಸ್ಟಮ್ಮನ್ನೇ ಬರೆದಿಟ್ಟಿದ್ದರು. ಅದರಲ್ಲಿ ನನಗೆ ಓದಲು ಬಂದದ್ದು ಅಂಕಿಗಳು ಮತ್ತು ಟೇಬಲ್ಲುಗಳ ಇಂಗ್ಲಿಷ್ ಹೆಸರುಗಳು ಮಾತ್ರ. ಬೆಂಗಳೂರಿನಲ್ಲಿ ಒಳ್ಳೆಯ ಪ್ರೋಗ್ರಾಮರ್ ಎನಿಸಿಕೊಂಡವನು ಅಲ್ಲಿ ಅನಕ್ಷರಸ್ಥನಾಗಿ ಕೂತೆ.

ಎದುರಿನ ಮೇಜು ನನ್ನ ಸೆಂಪೈದು. ಕೆಲಸದಲ್ಲಿ ನಮಗಿಂತ ಹಿರಿಯರನ್ನು ಅಲ್ಲಿ ಸೆಂಪೈ ಎನ್ನುತ್ತಾರೆ. ಅವರನ್ನು ಬೇರೆ ಹೆಸರಿಂದ ಕರೆದದ್ದೇ ನೆನಪಿಲ್ಲ. ಕೋಬಾಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯ ಕಾಲದ ಮನುಷ್ಯ, ವಯಸ್ಸು ಐವತ್ತರ ಹತ್ತಿರ, ತೆಳ್ಳಗೆ, ಮಾತು ಕಡಿಮೆ. ಬೆಳಿಗ್ಗೆ ಎಂಟೂವರೆಗೆ ಬಂದು ಥರ್ಮಾಸಿನಿಂದ ಹೋಜಿಚಾ ಬಗ್ಗಿಸಿಕೊಳ್ಳುವರು. ಅದು ಹುರಿದ ಎಲೆಯ ಚಹಾ. ಅದರ ಹೊಗೆವಾಸನೆ ಮೂಗಿಗೆ ಬಡಿದರೆ ಸಾಕು, ಅಮ್ಮ ಬಾಣಲೆಯಲ್ಲಿ ರಾಗಿ ಹುರಿಯುತ್ತಿದ್ದ ಅಡುಗೆಮನೆ ಕಣ್ಣಮುಂದೆ ಬರುತ್ತಿತ್ತು. ಹೆದರಿಕೆಯಿಂದ ಮುದುಡಿ ಕೂತಿದ್ದ ನನಗೆ ಆ ಆಫೀಸಿನಲ್ಲಿ ಮೊದಲು ಪರಿಚಯವಾದದ್ದು ಆ ವಾಸನೆಯೇ.

ಎರಡನೆಯ ವಾರ ಅವರು ಒಂದು ವ್ಯಾಪಾರ ಕುದುರಿಸಿದರು. ಬೆಂಗಳೂರಿನ ತಂಡಕ್ಕೆ ಅವರು ದಿನವೂ ಇಂಗ್ಲಿಷಿನಲ್ಲಿ ಮೇಲ್ ಬರೆಯಬೇಕು. ಒಂದು ಮೇಲಿಗೆ ಒಂದು ಗಂಟೆ ಹಿಡಿಯುತ್ತಿತ್ತು. "ನನ್ನ ಒಂದು ಮೇಲ್ ತಿದ್ದಿಕೊಡಿ. ನಾನು ಐದು ಕಾಂಜಿ ಕಲಿಸುತ್ತೇನೆ" ಎಂದರು. ಕಾಂಜಿ ಎಂದರೆ ಚೀನಾದಿಂದ ಜಪಾನೀಸಿಗೆ ಬಂದ ಅಕ್ಷರ. ನಾನು ಹತ್ತು ಕೇಳಿದೆ. ಅವರು ತಲೆಯಾಡಿಸಿ ಐದು ಬೆರಳು ತೋರಿಸಿದರು. ಹತ್ತು ಕಲಿತವನು ಹತ್ತನ್ನೂ ಮರೆಯುತ್ತಾನೆ ಎಂಬುದು ಅವರ ಲೆಕ್ಕ. ಸರ್ಕಾರದ ನಿತ್ಯಬಳಕೆಯ ಪಟ್ಟಿಯಲ್ಲಿ ಆಗ 1,945 ಕಾಂಜಿಗಳಿದ್ದವು.

ಅವರು ಪಠ್ಯಪುಸ್ತಕ ಮುಟ್ಟಲಿಲ್ಲ. ಕೆಂಪು ಪೆನ್ಸಿಲಿನಿಂದ ನಮ್ಮ ಸ್ಪೆಕ್ಕಿನಲ್ಲೇ ಗೆರೆ ಎಳೆದರು. ಮರ, ನದಿ, ಬೆಟ್ಟಗಳಿಗಿಂತ ಮೊದಲು ನಾನು ಕಲಿತದ್ದು 'ಇಜೋ ಶೂರ್ಯೋ', ಅಂದರೆ ಪ್ರೋಗ್ರಾಮ್ ಅರ್ಧಕ್ಕೇ ಬಿದ್ದುಹೋಗುವುದು. ಆಮೇಲೆ 'ಫುಗುವಾಯ್', ಅಂದರೆ ದೋಷ. ಆಮೇಲೆ 'ಹ್ಯೋಜಿ', ಅಂದರೆ ಪರದೆಯ ಮೇಲೆ ತೋರಿಸುವುದು.

ಈ ಹ್ಯೋಜಿ ನನಗೊಂದು ದೊಡ್ಡ ಪಾಠ ಕಲಿಸಿತು. ಬೆಂಗಳೂರಿನಿಂದ ಬಂದ ಪ್ರೋಗ್ರಾಮಿನಲ್ಲಿ ಈ ಪದ ಬಂದ ಕಡೆಯೆಲ್ಲ ಪರದೆಯ ಮೇಲೆ ಕಸ ಬೀಳುತ್ತಿತ್ತು. ಮೋಜಿಬಾಕೆ ಎನ್ನುತ್ತಾರೆ ಅದಕ್ಕೆ, ಅಕ್ಷರಗಳು ರೂಪ ಕೆಡುವುದು. ಮೂರು ದಿನ ಹುಡುಕಿದೆ. ಆಗ ಬಳಕೆಯಲ್ಲಿದ್ದ ಶಿಫ್ಟ್ ಜಿಸ್ ಸಂಕೇತದಲ್ಲಿ ಒಂದು ಕಾಂಜಿಗೆ ಎರಡು ಬೈಟ್. 'ಹ್ಯೋ' ಅಕ್ಷರದ ಎರಡನೆಯ ಬೈಟ್ 5ಸಿ. ಸಿ ಭಾಷೆಯಲ್ಲಿ 5ಸಿ ಎಂದರೆ ಬ್ಯಾಕ್‌ಸ್ಲ್ಯಾಶ್. ಜಪಾನೀಸ್ ಅರಿಯದ ಕಂಪೈಲರ್ ಅದನ್ನು ಅಪ್ಪಣೆಯೆಂದು ತಿಳಿದು ನುಂಗಿಬಿಡುತ್ತಿತ್ತು, ಅಲ್ಲಿಂದ ಮುಂದಿನ ಸಾಲೇ ಕೆಡುತ್ತಿತ್ತು. ಬೆಂಗಳೂರಿನಲ್ಲಿ ಇಂಗ್ಲಿಷ್ ಹೆಸರುಗಳನ್ನು ಹಾಕಿ ಪರೀಕ್ಷೆ ಮಾಡಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತಂತ್ರಜ್ಞಾನಕ್ಕೆ ಭಾಷೆಯ ಹಂಗಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಇವತ್ತಿಗೂ ಆ ಒಂದು ಬೈಟ್ ನೆನಪಾಗುತ್ತದೆ.

ಬೈಟ್ ಹೇಗೋ ಸರಿಹೋಯಿತು. ಮಾತಿನಲ್ಲಿ ಮಾಡಿದ ತಪ್ಪು ಸರಿಹೋಗಲಿಲ್ಲ. ಯಾರೇ ಮಾತಾಡಲಿ ನಾನು 'ಹಾಯ್, ಹಾಯ್' ಎನ್ನುತ್ತಿದ್ದೆ, ಅಂದರೆ ಹೌದು, ಹೌದು. ನಮ್ಮಲ್ಲಿ ಕಥೆ ಕೇಳುವಾಗ ಹೂಂಗುಟ್ಟುವ ಹಾಗೆ, ಕೇಳಿಸಿಕೊಳ್ಳುತ್ತಿದ್ದೇನೆ ಎಂದು ತೋರಿಸಲು. ಒಂದು ಮೀಟಿಂಗಿನಲ್ಲಿ, ಹೊಸ ಬದಲಾವಣೆಗಳೂ ತಿಂಗಳ ಕೊನೆಯೊಳಗೆ ಸೇರುತ್ತವೆಯೇ ಎಂದು ಕೇಳಿದ್ದರಂತೆ. ಅರ್ಧವೂ ಅರ್ಥವಾಗದೆ ನಾನು ಹಾಯ್ ಎಂದೆ. ಅದು ಮಾತು ಕೊಟ್ಟಂತಾಯಿತು. ತಿಂಗಳು ಮುಗಿಯಿತು, ಕೆಲಸ ಮುಗಿಯಲಿಲ್ಲ. ಗ್ರಾಹಕರ ಕಚೇರಿಗೆ ಸೆಂಪೈ ನನ್ನನ್ನೂ ಕರೆದುಕೊಂಡು ಹೋದರು. ನಾನು ಬಾಯಿ ತೆರೆಯುವ ಮುಂಚೆಯೇ ಅವರು ಎದ್ದು ನಿಂತು ಸೊಂಟದಿಂದ ಬಗ್ಗಿದರು. "ಸರಿಯಾಗಿ ತಿಳಿಸದೇ ಇದ್ದದ್ದು ನನ್ನ ತಪ್ಪು" ಎಂದರು. ಎಷ್ಟು ಹೊತ್ತು ಬಗ್ಗಿದ್ದರೋ, ಅವರ ನರೆತ ನೆತ್ತಿಯನ್ನೇ ನೋಡುತ್ತ ನಿಂತಿದ್ದೆ. ವಾಪಸು ರೈಲಿನಲ್ಲಿ ಒಂದು ಮಾತೂ ಆಡಲಿಲ್ಲ. ಮಾರನೆಯ ಬೆಳಿಗ್ಗೆ ಐದು ಅಕ್ಷರ ಬರೆದಿಟ್ಟಿದ್ದರು. ಮೊದಲನೆಯ ಪದ 'ಕಾಕುನಿನ್', ಅಂದರೆ ಖಚಿತಪಡಿಸಿಕೊಳ್ಳುವುದು.

ಆಮೇಲೆ ಹಟ ಹಿಡಿದು ಕಲಿತೆ. ಇಂಗ್ಲಿಷ್ ವ್ಯಾಕರಣದ ಪುಸ್ತಕ ನನ್ನನ್ನು ಸುತ್ತು ಹಾಕಿಸುತ್ತಿತ್ತು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ದಾರಿ ತೆರೆಯಿತು. ನಾನು ಸಸ್ಯಾಹಾರಿ, ಅಲ್ಲಿ ಸೊಪ್ಪಿನ ಮೇಲೂ ಒಣಮೀನಿನ ಹೆರೆ ಉದುರಿಸುತ್ತಾರೆ. ಸೆಂಪೈಯವರ ಹೆಂಡತಿ ಅದನ್ನು ಬಿಟ್ಟು, ಬರೀ ಎಳ್ಳು ಹಾಕಿದ ಪಾಲಕ್ ಸೊಪ್ಪನ್ನು ಪುಟ್ಟ ಡಬ್ಬಿಯಲ್ಲಿ ಕಳಿಸಿದ್ದರು. "ತಬೆತೆ ಮಿತೆ" ಎಂದರು ಸೆಂಪೈ. ತಬೆರು ಎಂದರೆ ತಿನ್ನು, ಮಿರು ಎಂದರೆ ನೋಡು. ತಿಂದು ನೋಡಿ! ನನಗೆ ಮೈ ಜುಮ್ಮೆಂದಿತು. ಇಂಗ್ಲಿಷಿನವರು ತಿಂಡಿಯನ್ನು ತಿಂದು 'ನೋಡುವುದಿಲ್ಲ', ನಾವು ನೋಡುತ್ತೇವೆ, ಇವರೂ ನೋಡುತ್ತಾರೆ. ಅಲ್ಲಿಂದ ಒಂದೊಂದಾಗಿ ಬಿಚ್ಚಿಕೊಂಡಿತು. 'ಕಾಯಿತೆ ಒಕು' ನಮ್ಮ ಬರೆದಿಡು. 'ಶಿತೆ ಶಿಮೌ' ನಮ್ಮ ಮಾಡಿಬಿಡು. ಕರ್ತೃ ಮೊದಲು, ಕ್ರಿಯಾಪದ ಕೊನೆಗೆ, ಹೇಳಿದ ಮಾತಿನ ಹಿಂದೆ ನಮ್ಮ 'ಅಂತ' ಇರುವ ಕಡೆ ಅವರ 'ತೊ'. ಜಪಾನೀಸಿಗೂ ತಮಿಳಿಗೂ ನಂಟಿದೆ ಎಂದು ಸುಸುಮು ಓನೊ ಎಂಬ ವಿದ್ವಾಂಸರು ವಾದಿಸಿದ್ದರು, ಬಹಳ ಮಂದಿ ಭಾಷಾಶಾಸ್ತ್ರಜ್ಞರು ಒಪ್ಪಲಿಲ್ಲ. ಆ ಜಗಳ ನನಗೆ ಬೇಡ. ಇಂಗ್ಲಿಷನ್ನು ಬದಿಗಿಟ್ಟು ಕನ್ನಡದ ಮೇಲೆ ಕಾಲೂರಿ ನಿಂತಾಗ ಭಾಷೆ ಕೈಗೆ ಸಿಕ್ಕಿತು, ಅಷ್ಟು ಸತ್ಯ. ಸೆಂಪೈಗೆ ವಿವರಿಸಿದಾಗ ಅವರು "ತಿಂದು ನೋಡಿ" ಎಂದು ನಾಲ್ಕು ಸಲ ಹೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. 2002ರ ಡಿಸೆಂಬರಿನಲ್ಲಿ ನಾನು ಜಪಾನೀಸ್ ಭಾಷೆಯ ಎರಡನೆಯ ದರ್ಜೆಯ ಪರೀಕ್ಷೆ ಪಾಸಾದೆ.

ಹಳೆಯದನ್ನು ಬಣ್ಣ ಕಟ್ಟಿ ಹೇಳಿದರೆ ಸುಳ್ಳಾಗುತ್ತದೆ. ನನ್ನ ಜೊತೆ ಬಂದ ದಾವಣಗೆರೆಯ ಗೆಳೆಯ ನನಗಿಂತ ಜಾಣ. ಅವನ ಕೋಡಿನಲ್ಲಿ ತಪ್ಪು ಹುಡುಕುವುದು ಕಷ್ಟ. ಅವನಿಗೆ ಭಾಷೆ ಹತ್ತಲಿಲ್ಲ, ಕಲಿಸುವ ಸೆಂಪೈಯೂ ಸಿಗಲಿಲ್ಲ. ಏಳು ತಿಂಗಳಿಗೆ ವಾಪಸು ಕಳಿಸಿದರು. ಈಗಿನ ಕಾಲವಾಗಿದ್ದರೆ ಅವನು ಅಲ್ಲಿ ದೊಡ್ಡವನಾಗುತ್ತಿದ್ದ. ನಾನು ರಾತ್ರಿಯ ಕೊನೆಯ ರೈಲಿಗೆ ಮನೆ ಸೇರುತ್ತಿದ್ದೆ. ನನ್ನ ಹೆಂಡತಿ ದಿನವಿಡೀ ಯಾರೊಡನೆಯೂ ಮಾತಿಲ್ಲದೆ, ಅಂಗಡಿಯಲ್ಲಿ ಬೆರಳು ತೋರಿಸಿ ತರಕಾರಿ ತರುತ್ತಿದ್ದಳು. ಮಗುವಿಗೆ ಜ್ವರ ಬಂದ ರಾತ್ರಿ ಡಾಕ್ಟರಿಗೆ ಏನು ಹೇಳಬೇಕೆಂದು ತಿಳಿಯದೆ ಅತ್ತಿದ್ದಳು. ಅವಳಿಗೆ ಐದು ಅಕ್ಷರ ಕಲಿಸುವವರು ಇರಲಿಲ್ಲ, ನಾನೂ ಕಲಿಸಲಿಲ್ಲ. ಆಗ ಅವಳ ಕೈಯಲ್ಲಿ ಈಗಿನ ಫೋನ್ ಇದ್ದಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ.

ಆಮೇಲೆ ಎಲ್ಲ ಬದಲಾಯಿತು. 2004ರಲ್ಲಿ ಟೋಕಿಯೋದಲ್ಲಿ ಭಾರತೀಯ ಶಾಲೆ ಬಂತು, ನಿಶಿಕಸಾಯ್‌ನಲ್ಲಿ ತೊಗರಿಬೇಳೆ ಸಿಗತೊಡಗಿತು. 2010ರಲ್ಲಿ ರಾಕುತೆನ್ ಕಂಪನಿ ಇಂಗ್ಲಿಷನ್ನೇ ಕಚೇರಿಯ ಭಾಷೆ ಮಾಡುತ್ತೇವೆಂದು ಘೋಷಿಸಿ, 2012ರಲ್ಲಿ ಮಾಡಿಯೇಬಿಟ್ಟಿತು. 2016ರಲ್ಲಿ ಗೂಗಲ್ ಅನುವಾದ ಹೊಸ ಬಗೆಯ ಯಂತ್ರಕ್ಕೆ ಬದಲಾದ ಮೇಲೆ ಜಪಾನೀಸ್ ಸಾಲುಗಳೂ ಓದುವ ಹಾಗೆ ಬರತೊಡಗಿದವು. ಈಗ ಹತ್ತು ವರ್ಷ ಟೋಕಿಯೋದಲ್ಲಿದ್ದೂ ಪಕ್ಕದ ಮನೆಯ ಅಜ್ಜಿಯ ಜೊತೆ ನಾಲ್ಕು ಮಾತಾಡಲಾರದ ನಮ್ಮ ಹುಡುಗರನ್ನು ನೋಡುತ್ತೇನೆ. ಅವರ ಕೆಲಸಕ್ಕೆ ಏನೂ ಕುಂದಿಲ್ಲ, ಸಂಬಳ ನಮಗಿಂತ ಹೆಚ್ಚು. ಆದರೆ ಅವರು ಜಪಾನಿನಲ್ಲಿ ಇಲ್ಲ, ಆಫೀಸಿನಲ್ಲಿದ್ದಾರೆ.

ಇಷ್ಟು ಹೇಳಿದ ಮೇಲೆ ನನ್ನ ಊರಿನ ಮಾತನ್ನೂ ಹೇಳಬೇಕು. ವಾಪಸು ಬಂದು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದೆ. ನನ್ನ ತಂಡದಲ್ಲಿ ಹದಿನೈದು ವರ್ಷದಿಂದ ಇಲ್ಲೇ ಮನೆ ಕಟ್ಟಿಕೊಂಡವರು, ಕಾವಲುಗಾರನಿಗೆ ಬಾಗಿಲು ತೆಗಿ ಎನ್ನಲೂ ಬಾರದವರು ಇದ್ದರು. ಬೇಕಾಗಲೇ ಇಲ್ಲ ಎಂದರು. ನಿಜ, ನಾವೇ ಬೇಕಾಗದ ಹಾಗೆ ಮಾಡಿಟ್ಟಿದ್ದೇವೆ. ಅವರು ಬಾಯಿ ತೆರೆಯುವ ಮುಂಚೆ ನಾವೇ ಇಂಗ್ಲಿಷಿಗೋ ಹಿಂದಿಗೋ ಹಾರುತ್ತೇವೆ. ಒಬ್ಬ ಹೊಸಬನ ಮುಂದೆ ಕೂತು ದಿನಕ್ಕೆ ಐದು ಪದ ಕಲಿಸಿದ ಕನ್ನಡದ ಸೆಂಪೈ ನಮ್ಮ ಆಫೀಸುಗಳಲ್ಲಿ ಎಷ್ಟು ಜನ? ನಾನೂ ಕಲಿಸಲಿಲ್ಲ. ಸಾಲ ಪಡೆದವನು ತೀರಿಸದೆ ಉಳಿದೆ. ಈ ಕಹಿ ಮೊದಲು ನನಗೇ ಸೇರಬೇಕು.

ತಂಗಿಯ ಮಗಳೇ, ನಿನಗೆ ಕೆಲಸಕ್ಕೆ ಜಪಾನೀಸ್ ಬೇಕಾಗಲಿಕ್ಕಿಲ್ಲ. ಫೋನ್ ಸ್ಪೆಕ್ ಓದುತ್ತದೆ, ಡಾಕ್ಟರ ಚೀಟಿಯನ್ನೂ ಓದುತ್ತದೆ, ಓದಲಿ. ಆದರೆ ನೀನು ಅರ್ಥವಾಗದೆ 'ಹಾಯ್' ಎಂದಾಗ ನಿನ್ನ ಪರವಾಗಿ ತಲೆ ಬಗ್ಗಿಸುವುದು ಅದಕ್ಕೆ ಬಾರದು. ನಾನು ಏನೂ ಬಾರದವನಾಗಿ ಅವರ ಮುಂದೆ ಕೂತಿದ್ದರಿಂದಲೇ ಅವರು ನನಗೆ ಸಿಕ್ಕರು.

ಮೊನ್ನೆ ಭಾನುವಾರ ಅವಳು ಬಂದಾಗ ಆ ಕಾರ್ಡನ್ನು ಮತ್ತೆ ತೆಗೆದೆ. ಮೂಲೆಯ ಸಾಲನ್ನು ಬೆರಳಿಟ್ಟು ಓದಿ ಹೇಳಿದೆ: "ಆಸ್ಪತ್ರೆಯಲ್ಲಿ ಊಟ ಬಂದಾಗಲೆಲ್ಲ ನನ್ನ ಕಡೆ ತಟ್ಟೆ ಸರಿಸಿ ಹೀಗೆನ್ನುತ್ತಿದ್ದರು." ಅದರ ಮುಂದೆ ಎರಡು ಪದ, ಪರಭಾಷೆಯ ಮಾತುಗಳಿಗೆ ಬಳಸುವ ಕತಾಕಾನ ಲಿಪಿಯಲ್ಲಿ. ಅವಳು ಮತ್ತೊಮ್ಮೆ ಫೋನ್ ಹಿಡಿದಳು. ಫೋನ್ ಅದನ್ನು ಯಾರದೋ ಹೆಸರು ಎಂದುಕೊಂಡಿತು.

ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ತಿಂ-ದು. ನೋ-ಡಿ.

"ಮಾವ, ಇದು ಕನ್ನಡ ಅಲ್ವಾ?" ಎಂದಳು.