ಚಾಪೆಗೆ ಇಳಿದ ಪೇಟಿ

ದಕ್ಷಿಣೇಶ್ವರದ ಭವತಾರಿಣಿಯ ಗುಡಿಯಂಗಳದಲ್ಲಿ ಉತ್ತರಕ್ಕೊಂದು, ದಕ್ಷಿಣಕ್ಕೊಂದು ನಹಬತ್‌ಖಾನೆಗಳಿವೆ. ರಾಮಕೃಷ್ಣರ ಕಾಲದಲ್ಲಿ ಬೆಳಗು ಬೈಗು ಅಲ್ಲಿಂದ ವಾದ್ಯದ ದನಿ ಗಂಗೆಯ ಮೇಲೆ ಹರಿಯುತ್ತಿತ್ತು. ಉತ್ತರದ್ದು ಈಗ ಶಾರದಾದೇವಿಯವರ ಗುಡಿ. 1929ರಲ್ಲಿ ಬೇಲೂರು ಮಠದಲ್ಲಿ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದ ಕುವೆಂಪು ಅವರಿಂದಾಗಿ ಈ ಗಂಗಾತೀರ ಕನ್ನಡಿಗರಿಗೆ ಮನೆಯಷ್ಟೇ ಹತ್ತಿರ. ಆದರೆ ಅಲ್ಲಿಗೆ ಹೋದ ನಮ್ಮವರು ಪಕ್ಕದ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅವರನ್ನು ನೆನೆಯುವುದು ನಾನು ಕಂಡಿಲ್ಲ. ನಮ್ಮ ಊರೂರ ಭಜನೆಗೆ ಶ್ರುತಿ ಕೊಟ್ಟ ಹಾರ್ಮೋನಿಯಂ ಪೆಟ್ಟಿಗೆ ಅವರ ಕೈಯಿಂದ ಬಂದದ್ದು.

ಹಾರ್ಮೋನಿಯಂಗೆ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೆನ್ 1842ರಲ್ಲಿ ಹಕ್ಕುಪತ್ರ ಪಡೆದಿದ್ದ. ಅದು ಕುರ್ಚಿಯ ವಾದ್ಯ. ಕಾಲಲ್ಲಿ ತಿದಿ ಒತ್ತಬೇಕು, ಎರಡೂ ಕೈಯಲ್ಲಿ ನುಡಿಸಬೇಕು. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಹಾಡುವವರಿಗೆ ಅದರಿಂದೇನು ಪ್ರಯೋಜನ? 1875ರಲ್ಲಿ ಕಲ್ಕತ್ತೆಯಲ್ಲಿ ದ್ವಾರ್ಕಿನ್ ಅಂಗಡಿ ತೆರೆದ ಘೋಷ್, 1884ರಲ್ಲಿ ತಿದಿಯನ್ನು ಪೆಟ್ಟಿಗೆಯ ಹಿಂಬದಿಗೆ ತಂದರು. ಎಡಗೈ ತಿದಿಗೆ, ಬಲಗೈ ಮನೆಗಳಿಗೆ. ಆಗ ರಾಮಕೃಷ್ಣರು ಇನ್ನೂ ದಕ್ಷಿಣೇಶ್ವರದ ಆ ಪುಟ್ಟ ಕೋಣೆಯಲ್ಲೇ ಇದ್ದರು. ನೆಲದ ಮೇಲೆ ಕೂತ ಭಕ್ತರ ನಡುವೆ ಹಾಡು ನಡೆಯುತ್ತಿತ್ತು. ಅಂಥ ಕೂಟಗಳಿಗೆ ಹೇಳಿ ಮಾಡಿಸಿದ ವಾದ್ಯ ಪಕ್ಕದ ನಗರದಲ್ಲೇ, ಅದೇ ದಿನಗಳಲ್ಲಿ ರೂಪುಗೊಂಡದ್ದು ನನಗೆ ಬಲು ಪ್ರಿಯವಾದ ಸಂಗತಿ.

ಹೊರಗೆ ಮರವಾದರೂ ಹಾರ್ಮೋನಿಯಂನ ಕಂಠ ಹಿತ್ತಾಳೆಯದು. ಹಿತ್ತಾಳೆ ಪಟ್ಟಿಯಲ್ಲಿ ಸಣ್ಣ ಸೀಳು, ಅದರ ಮೇಲೆ ಒಂದು ತುದಿಗೆ ಮಾತ್ರ ರಿವೆಟ್ ಹೊಡೆದ ತೆಳು ನಾಲಗೆ, ಅದೇ ರೀಡು. ಗಾಳಿ ನುಗ್ಗಿದರೆ ಅದು ನಡುಗುತ್ತದೆ, ಸ್ವರವಾಗುತ್ತದೆ. ಸ್ವರ ಏರಬೇಕಾದರೆ ನಾಲಗೆಯ ತುದಿಯನ್ನು ಕೆರೆಯಬೇಕು, ಇಳಿಯಬೇಕಾದರೆ ಬುಡವನ್ನು. ಕೂದಲೆಳೆಯಷ್ಟು ಹೆಚ್ಚು ಕೆರೆದರೂ ಸ್ವರ ತಪ್ಪುತ್ತದೆ. ಎಷ್ಟು ಕೆರೆಯಬೇಕೆಂದು ಹೇಳುವುದು ಕಿವಿಯೇ. ಷಡ್ಜ ಪಂಚಮಗಳನ್ನು ಜೊತೆಯಲ್ಲಿ ಹಿಡಿದು, ಅವುಗಳ ನಡುವಿನ ಅಲೆಯುವ ಕಂಪನ ನಿಲ್ಲುವವರೆಗೆ ಮತ್ತೆ ಮತ್ತೆ ಬಿಚ್ಚಿ, ಕೆರೆದು, ಕೂಡಿಸುವ ತಾಳ್ಮೆಯ ಕೆಲಸ ಅದು.

ಈ ಪೆಟ್ಟಿಗೆಯ ಮೇಲೆ ದೊಡ್ಡವರೇ ಮುನಿದರು. ಗಮಕ ಬಾರದು, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬಾರದು ಎಂಬ ದೂರು. ರವೀಂದ್ರನಾಥರೂ ವಿರೋಧಿಸಿದರು, 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು, 1971ರವರೆಗೂ. ದೂರು ಸುಳ್ಳಲ್ಲ. ಆದರೆ ಬೆಳಗಾವಿಯ ರಾಮಭಾವು ಬಿಜಾಪುರೆ ಅವರ ಬೆರಳನ್ನು ಕೇಳಿದವರು ಆ ಮಾತನ್ನು ಅಷ್ಟು ಸಲೀಸಾಗಿ ಆಡಲಾರರು. ಉತ್ತರ ಕರ್ನಾಟಕದಲ್ಲಿ ಅದು ಪೇಟಿ, ನುಡಿಸುವವರು ಪೇಟಿ ಮಾಸ್ತರರು. ಕಂಪನಿ ನಾಟಕಗಳಲ್ಲಿ ಅವರ ಮೊದಲ ಸ್ವರಕ್ಕೇ ಸಭೆ ಮೌನವಾಗುತ್ತಿತ್ತು. ರಂಗಸಂಗೀತಗಾರ ಆರ್. ಪರಮಶಿವನ್ ಅಂಥವರ ನೆನಪಲ್ಲಿ ಒಂದು ಇಡೀ ರಂಗಭೂಮಿಯ ಹಾಡುಗಳು ಬದುಕಿದ್ದವು.

ನಿಷೇಧ ಮಾಡಲಾಗದ್ದನ್ನು ಅನುಕೂಲ ಮಾಡಿತು. ಗುಂಡಿ ಒತ್ತಿದರೆ ಶ್ರುತಿ ಹಿಡಿಯುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂತು, ಕೀಬೋರ್ಡು ಬಂತು, ಈಗ ಮೊಬೈಲಿನಲ್ಲೇ ತಂಬೂರಿ. ಹಾರ್ಮೋನಿಯಂ ಅಳಿದಿಲ್ಲ, ನಿಜ. ಗುಜರಾತಿನ ಪಾಲಿಟಾಣಾದಿಂದ ರೀಡುಗಳು ಬರುತ್ತವೆ, ಅಂಗಡಿಗಳಲ್ಲಿ ಹೊಸ ಪೆಟ್ಟಿಗೆಗಳೂ ಸಿಗುತ್ತವೆ. ನನ್ನ ಸಂಕಟ ರೀಡು ಕೆರೆಯುವ ಕೈಗಳ ಬಗ್ಗೆ. ಹಳೆಯ ಪೇಟಿಯ ಒಂದು ಸ್ವರ ಬೇಸುರಾದರೆ ಯಾರ ಬಳಿ ಒಯ್ಯುವುದು? ಕೆಲಸ ಬಲ್ಲ ಹಿರಿಯರ ಕಿವಿ ಮಂದವಾಗುತ್ತಿದೆ. ಪಕ್ಕದಲ್ಲಿ ಕೂತು ಕಲಿಯಲು ಮಕ್ಕಳು ಬರುವುದಿಲ್ಲ, ಬಂದರೂ ಅದರಿಂದ ಹೊಟ್ಟೆ ತುಂಬುವುದಿಲ್ಲ. ಸಂಗೀತ ಶಾಲೆಗಳು ನುಡಿಸಲು ಕಲಿಸುತ್ತವೆ; ಈ ಕೆರೆಯುವ ವಿದ್ಯೆಗೂ ಅಲ್ಲಿ ಒಂದು ಮೂಲೆ, ಒಂದು ಸಂಬಳ ಬೇಕು.

ನಿಮ್ಮ ಅಟ್ಟದಲ್ಲಿ ಅಜ್ಜನ ಪೇಟಿಯೊಂದು ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಅಲ್ಲಿ ಹಿತ್ತಾಳೆಯನ್ನು ತೂಕಕ್ಕೆ ಕೊಳ್ಳುತ್ತಾರೆ.